ಮೇಲಿನ ಹಾಸಿಗೆ

ಕರೆಂಟ್ ಬಿಲ್ಲಿನ ಬೆನ್ನಿಗೆ
ಇವರು ಹಡಗು ಬರೆದರು:
ಎರಡು ಚೌಕ, ನಡುವೆ ಓಣಿ.
ಕಿಟಕಿ ಒಂದಕ್ಕೇ; ಇನ್ನೊಂದಕ್ಕೆ ದುಡ್ಡು ಸಾಲದು.

"ಇವನ ಕಾಲುಚೀಲದ ಜೊತೆ ನಾನು ಮಲಗಲ್ಲ,"
ಮೇದಿನಿ, ಹದಿನೇಳು.
"ಅಪ್ಪನ ಗೊರಕೆಗೆ ಹಡಗೇ ವಾಪಸ್ ತಿರುಗತ್ತೆ,"
ಕೌಸ್ತುಭ, ಫೋನಿನಿಂದ ತಲೆಯೆತ್ತದೆ.

ಹೆಸರು ಬರೆದರು, ಅಳಿಸಿದರು.
ಸಾಲಗಾಮೆ ರಸ್ತೆಯ ಕೊನೇ ಬಸ್ಸೂ ಹೋಯಿತು.
ರಬ್ಬರಿಗೆ ಕಾಗದ ಹರಿದು
ಕಿಟಕಿಯಿದ್ದಲ್ಲಿ ನಿಜವಾಗಿ ಒಂದು ತೂತು;
ಅದರೊಳಗೆ ಮೇಜಿನ ಹಳೇ ಸಾರಿನ ಕಲೆ.

ಪಾತ್ರೆ ನೆನೆಹಾಕಿ ಬಂದು ಹೇಳಿದೆ:
ಯಾರು ಎಲ್ಲಾದರೂ ಮಲಗಿ,
ಮೇಲಿನ ಹಾಸಿಗೆ ನನಗೆ.

ಹಾಸನದಿಂದ ಹೊರಟ ರೈಲುಗಳಲ್ಲೆಲ್ಲ
ನನ್ನದು ಕೆಳಗಿನದೇ,
ಮಡಿಲಲ್ಲೊಂದು ಮಗು, ಕಾಲಡಿ ಉಪ್ಪಿನಕಾಯಿ ಡಬ್ಬ.

ಮೂವರೂ ನೋಡಿದರು.
"ಏಣಿ ಹತ್ತಬೇಕಮ್ಮ."

ಗೊತ್ತು.