ಅರವತ್ತರ ಟೇಪು

ಹನ್ನೊಂದು ಆಲ್ಬಮು, ನಲವತ್ತೆರಡು ವರ್ಷ,
ಒಂದೇ ಗಿಟಾರು ಎನ್ನುತ್ತಾರೆ. ಸುಳ್ಳು, ಎರಡು.
ಒಂದನ್ನು ಸಿಪ್ರಿ ಉಳ್ಳಾಲದ ಕಡಲಿಗೆ ಬಿಸಾಡಿದ್ದು
ತಾನೇ ಕಂಡೆ ಎಂದು ಆಣೆ ಹಾಕುವವರು ಈ ಊರಲ್ಲಿ
ಕಡಿಮೆಯೆಂದರೂ ಮುನ್ನೂರು ಜನ.

ಆದಿತ್ಯವಾರ ಮೂರೂವರೆಗೆ ಬಂದರಿನಲ್ಲಿ
ಮೊಯ್ದಿನಬ್ಬರ ಅಂಗಡಿ, ಆಗ ಕ್ಯಾಸೆಟ್ಟು, ಈಗ ಮೊಬೈಲಿನ ಕವರು,
ಅರ್ಧ ಎಳೆದ ಶಟರಿನ ಕೆಳಗೆ ತಲೆ ತಗ್ಗಿಸಿ
ಒಳಬರುತ್ತೇವೆ ನಾವು ನಾಲ್ಕೈದು ಮಂದಿ.
ಚಾ ಬರುತ್ತದೆ, ಗೋಳಿಬಜೆ ಬರುತ್ತದೆ,
ತೀರ್ಮಾನ ಒಂದು ಬಿಟ್ಟು ಮತ್ತೆಲ್ಲ ಬರುತ್ತದೆ.

“ಮೂರನೆಯದು. ‘ದಕ್ಕೆ’. ಮುಗೀತು,” ಎನ್ನುತ್ತಾರೆ ಶೀನ ಸಾಲ್ಯಾನರು,
ಟ್ರಾಲ್ ಬೋಟಿನ ಇಂಜಿನ್ ಬಿಚ್ಚುವ ಕೈಯನ್ನು ಮೇಜಿಗೆ ಕುಟ್ಟಿ.
“ಡ್ರಮ್ಮು ಕೇಳು ಮಾರಾಯ, ಡೀಸೆಲ್ ಇಂಜಿನ್
ಮುಂಜಾನೆ ಸ್ಟಾರ್ಟ್ ಆದ ಹಾಗೆ,
ಮೊದಲು ಕೆಮ್ಮು, ಮತ್ತೆ ದಮ್ಮು.”
ಐರಿನ್ ಬಾಯಿಗೆ ಅದು ಬರೀ ಬೊಬ್ಬೆ.
ಕಂಕನಾಡಿಯಲ್ಲಿ ಮೂವತ್ತು ವರ್ಷ ರಾತ್ರಿ ಪಾಳಿ ಮಾಡಿದ ನರ್ಸು ಅವರು;
ಒಂಬತ್ತನೆಯದೇ ಸರಿ, ‘ಕರೆಂಟು ಹೋದ ಮೇಲೆ’,
ಸಿಪ್ರಿಯ ಗಂಟಲು ಒಡೆದ ಮೇಲೆ ಮಾಡಿದ್ದು.
“ಒಡೆದ ಗಂಟಲಲ್ಲಿ ಸುಳ್ಳು ನಿಲ್ಲುವುದಿಲ್ಲ, ಸೋರುತ್ತದೆ.”

ದೀಕ್ಷಿತ ಕೊಟ್ಟಾರಿ, ಮೀಸೆ ಈಗಷ್ಟೇ ಬಂದ ಹುಡುಗ,
ಎಲ್ಲರೂ ಉಗಿದ ಏಳನೆಯದನ್ನು ಎತ್ತಿ ಹಿಡಿಯುತ್ತಾನೆ.
ಆ ಕೀಬೋರ್ಡಿನ ಕಿರಿಕಿರಿ, ಆ ಮದುವೆ ಹಾಲಿನ ಎಕೋ!
“ನಿಮಗೆ ಆಗ ಅರ್ಥ ಆಗಲಿಲ್ಲ, ಅಷ್ಟೆ.”
ಸಾಲ್ಯಾನರು ಬಜೆಯನ್ನು ಬಾಯಿಯ ಬಳಿ ನಿಲ್ಲಿಸಿ
ಅವನನ್ನು ನೋಡುವ ನೋಟಕ್ಕೆ ದಂಡ ಹಾಕಬಹುದು.

ನನ್ನ ಸರದಿ ಬಂದಾಗ ನಾಲ್ಕನೆಯದು ಎನ್ನುತ್ತೇನೆ, ‘ಅರ್ಧ ಟಿಕೆಟ್’.
ಯಾಕೆ ಎಂದು ಹೇಳುವುದಿಲ್ಲ.

ಈ ಸಲ ಹೇಳಿದೆ.

ಬೋಳಾರದ ಮನೆ, ಜಗಲಿ, ತಡ್ಪೆಯ ತುಂಬ ಬೀಡಿ ಎಲೆ.
ಅಮ್ಮ ಸುರುಟುತ್ತಿದ್ದಳು, ನಾನು ನೂಲು ಕಟ್ಟುತ್ತಿದ್ದೆ,
ಟೇಪು ಹಾಡುತ್ತಿತ್ತು. ಕಂಪನಿಯದಲ್ಲ,
ಇದೇ ಮೊಯ್ದಿನಬ್ಬರು ತುಂಬಿಸಿ ಕೊಟ್ಟ ಅರವತ್ತರ ಕ್ಯಾಸೆಟ್ಟು.
ಬಿ ಸೈಡು ಮೂವತ್ತೊಂದು ನಿಮಿಷ, ಟೇಪಿನಲ್ಲಿ ಜಾಗ ಮೂವತ್ತು.
ಕೊನೆಯ ಹಾಡು, ಕೊನೆಯ ಚರಣ:
‘ನದಿ ದಾಟಿದ ಮೇಲೆ ನಾನು ನಿನ್ನ’
ಟಕ್.

ಕಾಯುತ್ತಾನೋ, ಮರೆಯುತ್ತಾನೋ, ಯಾರಿಗೆ ಗೊತ್ತು.
ಅಮ್ಮ ದಿನಕ್ಕೊಂದು ಥರ ಮುಗಿಸುತ್ತಿದ್ದಳು:
ಡಿಪೋದಲ್ಲಿ ಬೀಡಿ ರಿಜೆಕ್ಟ್ ಆದ ದಿನ ‘ನಿನ್ನ ಮೂಳೆ ಮುರಿಯುತ್ತೇನೆ’,
ಬೋನಸ್ಸಿನ ದಿನ ‘ನಿನ್ನ ಪಾಲಿನ ಮೀನೂ ತಿನ್ನುತ್ತೇನೆ’.
ನಗು ಬಂದು ನೂಲು ಹರಿಯುತ್ತಿತ್ತು.

ಮತ್ತೆ ಸಿಡಿ ಬಂತು, ಫೋನು ಬಂತು. ನಾನು ಕೇಳಲಿಲ್ಲ.
ಪುರಭವನದಲ್ಲಿ ಸಿಪ್ರಿ ಆ ಹಾಡೆತ್ತಿದಾಗ
ಹೊರಗೆ ಬಂದು ನೆಲಗಡಲೆ ಕೊಂಡೆ.

ಮೊಯ್ದಿನಬ್ಬರು ಕನ್ನಡಕ ತೆಗೆದರು.
“ತೊಂಬತ್ತರದ್ದೂ ಇತ್ತು. ಏಳು ರೂಪಾಯಿ ಹೆಚ್ಚು.
ನಿಮ್ಮ ತಾಯಿ ಚಿಲ್ಲರೆ ಎಣಿಸುವುದು ಕಂಡು
ನಾನೇ ಅರವತ್ತರದ್ದು ಹಾಕಿದೆ. ತುಂಡಾದದ್ದು ಹೇಳಲಿಲ್ಲ.”

ಯಾರೂ ಚಾ ಎತ್ತಲಿಲ್ಲ.
ದೀಕ್ಷಿತನ ಹೆಬ್ಬೆರಳು ಆಗಲೇ ಹಾಡಿನ ಮೇಲೆ.
“ಐವತ್ತು ಸೆಕೆಂಡು ಟೀಚರ್. ಅಷ್ಟೇ ಇರುವುದು.”

ಬೇಡ ಎಂದೆ. ಎಂದೆನೋ, ಬರೀ ಕೈ ಅಡ್ಡ ಹಿಡಿದೆನೋ.
ಹೊರಗೆ ಐಸಿನ ಲಾರಿ ರಿವರ್ಸ್ ಹೋಗುತ್ತಿತ್ತು.
ಸಾಲ್ಯಾನರು ಮೆತ್ತಗೆ, “ಆದರೂ ಮೂರನೆಯದೇ” ಎಂದರು,
ದೇವರು ಅವರನ್ನು ಚೆನ್ನಾಗಿಡಲಿ.

ಅಮ್ಮನಿಗೀಗ ಎಪ್ಪತ್ತೆಂಟು, ಎಡಗಿವಿ ಕೇಳುವುದಿಲ್ಲ.
ರಾತ್ರಿ ಬಂಗುಡೆ ತೊಳೆಯುತ್ತ ಸುಮ್ಮನೆ ಗುನುಗಿದೆ,
ನದಿ ದಾಟಿದ ಮೇಲೆ ನಾನು ನಿನ್ನ
ಎಂಬಲ್ಲಿಗೆ, ಒಳಕೋಣೆಯಿಂದ,
ನಾಲಗೆಯನ್ನು ಅಂಗುಳಕ್ಕೆ ತಾಗಿಸಿ
ಅಮ್ಮ ಎಂದಳು:
ಟಕ್.