ತುದಿ ಬಂತು

ಆರಕ್ಕೇ ಹೊರಟೆವು, ಐದು ಜನ, ಎರಡು ನೀರಿನ ಬಾಟ್ಲಿ,
ಸುಸ್ಲಾ ತುಂಬಿದ ಡಬ್ಬಿ, ಅತ್ತೆಯ ಎಲೆಯಡಿಕೆ ಚೀಲ.
ಸುಂಕಿಯ ಬಿಳಿ ಸಾಕ್ಸು
ಮೊದಲ ತಿರುವಿಗೇ ಕೆಂಪಾಯಿತು.
ಬೈಯಲಿಲ್ಲ. ಸೊಂಡೂರಿನಲ್ಲಿ ಬಿಳಿ ಅನ್ನೋದು
ಅಂಗಡಿಯಲ್ಲಿ ಇರುವಷ್ಟು ಹೊತ್ತು ಮಾತ್ರ.

ಗಾದಿಲಿಂಗ ಮುಂದೆ ಓಡಿ
ಕಂಡ ಕಂಡ ಕಲ್ಲು ಹತ್ತಿ "ತುದಿ ಬಂತು" ಅಂದ.
ಹನ್ನೊಂದು ತುದಿ ದಾಟಿದೆವು.
ಅತ್ತೆ ಹಂಪಮ್ಮ, ಕಾಲಲ್ಲಿ ಹವಾಯಿ ಚಪ್ಪಲಿ,
ಮೊಣಕಾಲು ನೋವೆಂದು ಸಂತೆಗೂ ಬಾರದಾಕೆ,
ಸೆರಗು ಸಿಕ್ಕಿಸಿ ಕಾರೆಹಣ್ಣು ಆರಿಸುತ್ತ
ನಮಗಿಂತ ಒಂದಾಳು ಮೇಲಿದ್ದಳು.

ಗಿಡಮರ ಸರಿದು ಜಾಗ ಬಿಟ್ಟಲ್ಲಿ
ಕೆಳಗೆ ನಾರಿಹಳ್ಳದ ನೀರು,
ಯಾರೋ ಒಣಹಾಕಿ ಮರೆತ ಸೀರೆಯ ಹಾಗೆ
ಗುಡ್ಡದ ಸಂದಿಗಳಲ್ಲಿ ಮಡಿಕೆ ಮಡಿಕೆ.
ಡಬ್ಬಿ ತೆರೆದೆವು. ಮೆಣಸಿನಕಾಯಿ ಅತ್ತೆಗೆ,
ಪುಟಾಣಿ ಪುಡಿ ಎಲ್ಲರ ಮೀಸೆಗೂ.

ಎದುರಿನದನ್ನು ತೋರಿಸಿ ಸುಂಕಿ ಕೇಳಿದಳು:
"ಆ ಗುಡ್ಡಕ್ಕೆ ಮಾತ್ರ ಮೆಟ್ಟಿಲು ಯಾರು ಮಾಡಿದ್ದು?"

ಹದಿನಾಲ್ಕು ವರ್ಷ ಟಿಪ್ಪರ್ ಓಡಿಸಿದವರು
ಬಾಟ್ಲಿಯ ಮುಚ್ಚಳ ತೆಗೆದರು, ಕುಡಿಯದೆ ಮುಚ್ಚಿದರು.
"ಅದು ಹತ್ತೋ ಮೆಟ್ಟಿಲಲ್ಲವ್ವಾ, ಅಗೆದದ್ದು.
ಒಂದೆರಡು ನಾನೂ ಒಯ್ದೀನಿ."
"ಎಲ್ಲಿಗೆ?"
"ಬಂದರಿಗೆ. ಅಲ್ಲಿಂದ ಹಡಗಿಗೆ."
ಅವಳು ಸುಸ್ಲಾ ಅಗಿಯುತ್ತ ಲೆಕ್ಕ ಹಾಕಿದಳು.
"ಹಂಗಾರೆ ಅದರ ತುದಿ ಈಗ ಎಲ್ಲೈತಿ?"

ಗಾದಿಲಿಂಗನೂ ಸುಮ್ಮನಾದ.
ಅತ್ತೆ ಎಲ್ಲರ ಬೊಗಸೆಗೂ ನಾಲ್ಕು ನಾಲ್ಕು ಕಾರೆಹಣ್ಣು ಹಾಕಿದಳು,
"ತಿನ್ರಿ, ಬಿಸಿಲೇರ್ತದ."

ಇಳಿಯುವಾಗ ಸುಂಕಿ ಅಪ್ಪನ ಹೆಗಲ ಮೇಲೆ ನಿದ್ದೆ.
ಅವರ ಅಂಗಿಯ ಎದೆಗೆ
ಎರಡು ಪುಟ್ಟ ಕೆಂಪು ಹೆಜ್ಜೆ.

ಮೂರು ದಿನವಾಯಿತು, ಒಗೆಯಲು ಹಾಕಿಲ್ಲ.
ಕೇಳಿದರೆ,
ಇರಲಿ ಬಿಡು ಅಂತಾರೆ.