ನೀಲಿ ತಗಡಿನ ಒಳಮೈ

ಆ ವರ್ಷ ನ್ಯೂಪೋರ್ಟ್ ಕಾರ್ಖಾನೆಯಲ್ಲಿ
ಉಗಿಬಂಡಿಗೆ ಅಂಗಿ ಹೊಲಿದೆವು.
ನಗಬೇಡಿ. ಅಳತೆಯಿತ್ತು, ಕತ್ತರಿಯಿತ್ತು,
ಕಂಕುಳಲ್ಲಿ ಬಿಗಿ ಎಂದು ಬಿಚ್ಚಿ ಮತ್ತೆ ಕೂಡಿಸಿದ್ದೂ ಇತ್ತು.
ನಾನು ಪ್ಯಾಸ್ಕೋ, ಹದಿನಾರರ ಹುಡುಗ,
ರಿವೆಟ್ ಕಾಯಿಸಿ ಕೊಡುವವನು.
ಟ್ರೆಲೋರ್ ನನಗೆ ಕೆಲಸ ಕಲಿಸಿದವನು.
ಎಡಗಿವಿ ಕೇಳಿಸದು ಅವನಿಗೆ,
ದಡ್ಡ ಪ್ರಶ್ನೆಗಳನ್ನೆಲ್ಲ ಆ ಕಿವಿಗೇ ಕೇಳುತ್ತಿದ್ದೆ.

ಒಳಗೆ ಅದೇ ಹಳೇ ಬಾಯ್ಲರು, ಅದೇ ಕೆಮ್ಮು.
ಹೊರಗೆ ಮಾತ್ರ ದುಂಡು ಭುಜ, ಮುಚ್ಚಿದ ಮೊಣಕಾಲು,
ಕಡುನೀಲಿ ಮೈಗೆ ಬಂಗಾರದ ಗೆರೆ.
ಇದರ ಮೇಲೆ ಗಾಳಿ ಜಾರುತ್ತದೆ
ಎಂದರು ನಕ್ಷೆ ಹರವಿದ ದೊಡ್ಡವರು.
"ಗಾಳಿ ಜಾರಲಿ ಸ್ವಾಮಿ,
ಎಣ್ಣೆ ಬಿಡುವವನು ಕೈ ಎಲ್ಲಿ ತೂರಿಸಬೇಕು?"
ಎಂದ ಟ್ರೆಲೋರ್. ಯಾರಿಗೂ ಕೇಳಿಸಲಿಲ್ಲ.

ಆ ಶನಿವಾರ ಫ್ಲೆಮಿಂಗ್ಟನ್ನಿನಲ್ಲಿ ಕುದುರೆಪಂದ್ಯ.
ಅವನಲ್ಲಿ ಎರಡು ಶಿಲಿಂಗ್ ಕಡ ತೆಗೆದೆ.
ಚೀಟಿಯಿಲ್ಲ, ಪೆನ್ಸಿಲ್ಲಿಲ್ಲ;
ಕೈಯಲ್ಲಿದ್ದ ಮೊಳೆಯಿಂದ ತಗಡಿನ ಒಳಮೈಗೇ ಗೀಚಿದ:
ಪ್ಯಾಸ್ಕೋ, ೨ ಶಿ.
ಸಂಜೆಗೆ ಆ ತಗಡು ಏರಿ ಕೂತಿತು.
ಕುದುರೆ ಸೋತಿತು.
ಸೋಮವಾರ ಅವನು ಕೇಳಲಿಲ್ಲ, ನಾನು ಕೊಡಲಿಲ್ಲ.

ದಿನಾ ಸಂಜೆ ಮೆಲ್ಬರ್ನ್ ಬಿಟ್ಟು
ಎಲ್ಲೂ ನಿಲ್ಲದೆ ಓಡುತ್ತಿತ್ತು ನನ್ನ ಸಾಲ.
ಸೇಮೂರಿನ ಬೇಲಿ, ಯುರೋವಾದ ಕುರಿಗಳು,
ಗಡಿಯಾರ ಸರಿಮಾಡಿಕೊಳ್ಳುವ ಸ್ಟೇಷನ್ ಮಾಸ್ತರರು.
ಆಲ್ಬರಿಯಲ್ಲಿ ಹಳಿಯ ಅಗಲವೇ ಬೇರೆ.
ನಿದ್ದೆಗಣ್ಣಿನ ಜನ ಕೋಟು ಹೊದ್ದು
ಉದ್ದ ಪ್ಲಾಟ್‌ಫಾರಂ ದಾಟಿ ಇನ್ನೊಂದು ರೈಲು ಹತ್ತುವರು.
ನನ್ನ ಸಾಲ ಮಾತ್ರ ತಿರುಗಿ ಬರುತ್ತಿತ್ತು.

ಆಮೇಲೆ ಯುದ್ಧ. ಆಮೇಲೆ ಡೀಸೆಲ್.
ನಾನೇ ಗ್ಯಾಸ್ ಕಟರ್ ಹಿಡಿದು ನಿಂತೆ
ನಾನೇ ಹೊಲಿದ ಅಂಗಿ ಬಿಚ್ಚಲು.
ಮೂರನೇ ದಿನ, ಮಸಿ ಒರೆಸಿದರೆ,
ಪ್ಯಾಸ್ಕೋ, ೨ ಶಿ.
ಹದಿನೇಳು ವರ್ಷದ ಬಿಸಿಗೆ ಒಂದಕ್ಷರ ಕರಗಿರಲಿಲ್ಲ.
ಟ್ರೆಲೋರ್ ಮಣ್ಣು ಸೇರಿ ಐದು ಚಳಿಗಾಲ.

ಅಂಗೈ ಮೂರರಷ್ಟು ತಗಡು ಕತ್ತರಿಸಿ
ಯಾರಾವಿಲ್ಲಿನ ಅವನ ಮನೆಗೆ ಒಯ್ದೆ.
ಹೆಂಡತಿ ಬಾಗಿಲಲ್ಲೇ ನಿಂತು
ಓದಿದಳು, ಹಿಂದೆ ತಿರುಗಿಸಿ ನೀಲಿ ನೋಡಿದಳು.
"ಬಡ್ಡಿ?" ಅಂದಳು.
ನಾನು ಜೇಬು ತಡಕುವಾಗ ನಗು ತಡೆಯಲಾಗಲಿಲ್ಲ ಅವಳಿಗೆ.
ಎರಡು ಶಿಲಿಂಗ್ ಚಹಾದ ಡಬ್ಬಿಗೆ ಹಾಕಿದಳು.
ಕೋಳಿಗೂಡಿಗೆ ಇಲಿ ಕೊರೆದ ತೂತಿತ್ತು;
ತಗಡು ಅಲ್ಲಿಗೆ ಸರಿಹೋಯಿತು.
ನೀಲಿ ಹೊರಗಿರಲೆಂದು ಹಿಡಿದೆ.
"ಬೇಡ," ಅಂದಳು, ಮೊಳೆ ಕೊಡುತ್ತಾ,
"ಅಕ್ಷರ ಅವನದು. ಅದು ಹೊರಗಿರಲಿ."